ಹಿತ್ತಲ ಬಾರಿ ಗಿಡಕ್ಕೆ ವರ್ಷಕ್ಕೊಂದು ಕತ್ತರಿ

ಬೋರೆ, ಎಲಚಿ, ಬಾರಿ: ಸೀಮೆಗೊಂದು ಹೆಸರು, ಗಿಡ ಒಂದೇ. ಕೊಪ್ಪಳ ಜಿಲ್ಲೆಯ ನಮ್ಮ ತಳಕಲ್ ಸುತ್ತಿನ ಎರೆಭೂಮಿಯಲ್ಲಿ ಕಾಡುಬಾರಿಯನ್ನು ಯಾರೂ ಹಚ್ಚುವುದೇ ಬೇಡ, ಒಡ್ಡಿನ ಮೇಲೆ ತಾನೇ ಹುಟ್ಟಿಕೊಳ್ಳುತ್ತದೆ. ಸಂಕ್ರಮಣಕ್ಕೆ ಮಕ್ಕಳ ತಲೆಯ ಮೇಲೆ ಎರೆಯುವುದಕ್ಕೂ ಬಾರಿಹಣ್ಣೇ ಬೇಕು.

ಈಚೆಗೆ ಉಮ್ರಾನ್, ಆಪಲ್ ಬೋರೆಯ ಕಸಿ ಗಿಡ ತಂದು ಹಿತ್ತಲಲ್ಲಿ ಹಚ್ಚಿದವರು ಬಹಳ ಮಂದಿ. ಮೂರು ನಾಲ್ಕು ವರ್ಷ ಕಳೆದ ಮೇಲೆ ಅವರ ಬಾಯಲ್ಲಿ ಎರಡು ದೂರು. ಒಂದು, "ಉಮ್ರಾನ್ ಅಂತ ರೊಕ್ಕಾ ಕೊಟ್ಟು ತಂದೇವ್ರಿ, ಈಗ ನೋಡಿದ್ರ ಕಾಡುಬಾರಿ ಬಿಡಾಕತ್ತೈತಿ." ಎರಡು, "ಮೊದಲ ಎರಡು ವರ್ಷ ದೊಡ್ಡ ಹಣ್ಣು ಬಿಟ್ಟಿತು, ಈಗ ಗೋಲಿಯಷ್ಟು." ಸಸಿ ಮಾರಿದವನನ್ನು ಬೈಯುವ ಮೊದಲು ಗಿಡದ ಬುಡವನ್ನೂ ತಲೆಯನ್ನೂ ಒಮ್ಮೆ ನೋಡಿ. ಬಹಳ ಕಡೆ ಎರಡೂ ದೂರಿಗೆ ಕಾರಣ ಒಂದೇ: ಕತ್ತರಿ ಆಡಿಸಿಲ್ಲ.

ಗಂಟಿನ ಕೆಳಗೆ ದಯೆ ಬೇಡ

ಕಸಿ ಗಿಡ ಅಂದರೆ ಒಂದೇ ಗಿಡವಲ್ಲ, ಎರಡು. ಕೆಳಗೆ ಕಾಡುಬಾರಿಯ ಬೇರು, ಮೇಲೆ ಉಮ್ರಾನ್. ಕಣ್ಣು ಕೂಡಿಸಿದ ಕಡೆ ಒಂದು ಗಂಟು ಇರುತ್ತದೆ. ಗಂಟಿನ ಕೆಳಗೆ ಬರುವ ಚಿಗುರೆಲ್ಲ ಕಾಡುಬಾರಿಯದು. ಅದಕ್ಕೆ ಜೋರು ಹೆಚ್ಚು. ಎರಡು ಮಳೆಗಾಲ ಬಿಟ್ಟರೆ ಬೇರಿನ ಕಸುವೆಲ್ಲ ತಾನೇ ಎಳೆದುಕೊಂಡು ಮೇಲಿನ ಜಾತಿಯನ್ನು ಒಣಗಿಸಿಬಿಡುತ್ತದೆ.

ಇದು ಬಾರಿಗೆ ಮಾತ್ರ ಇರುವ ತೊಂದರೆಯಲ್ಲ. ಜಪಾನಿನಲ್ಲಿ ಹೂವಿಗಾಗಿ ಬೆಳೆಸುವ ಜೋಲು ಚೆರ್ರಿ ಗಿಡವನ್ನೂ ಬೇರೆ ಚೆರ್ರಿಯ ಬುಡದ ಮೇಲೆ ಕಸಿ ಮಾಡುತ್ತಾರೆ. ಅಲ್ಲಿಯೂ ಬುಡದ ಚಿಗುರು ತೆಗೆಯದಿದ್ದರೆ ಜೋಲು ಗಿಡ ಹೋಗಿ ನೆಟ್ಟಗಿನ ಗಿಡ ಉಳಿಯುತ್ತದೆ. ಅದು ಚಳಿ ನಾಡಿನ ಗಿಡ, ನಮ್ಮ ಬಿಸಿಲಿಗಲ್ಲ. ಆದರೆ ಅಲ್ಲಿನವರಿಗೆ ಒಂದು ಅನುಕೂಲ ಇದೆ: ನೆಟ್ಟಗೆ ಎದ್ದ ಚಿಗುರು ಕಂಡಕೂಡಲೇ ಅದು ಬುಡದ್ದು ಎಂದು ಗೊತ್ತಾಗುತ್ತದೆ. ನಮ್ಮ ಬಾರಿಯಲ್ಲಿ ಕಾಡಿನದೂ ಜೋಲುತ್ತದೆ, ಉಮ್ರಾನೂ ಜೋಲುತ್ತದೆ. ಹಾಗಾಗಿ ದೂರದಿಂದ ಗುರುತು ಸಿಗುವುದಿಲ್ಲ. ಬಗ್ಗಿ ಗಂಟು ಹುಡುಕಬೇಕು. ಎಲೆ ಸಣ್ಣದು, ಮುಳ್ಳು ಹೆಚ್ಚು ಇದ್ದರೆ ಕಾಡಿನದೇ ಎಂದು ತಿಳಿಯಿರಿ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬುಡ ನೋಡಿ. ಎಳೆ ಚಿಗುರಾದರೆ ಬೆರಳಿನಿಂದಲೇ ಕಿತ್ತುಹಾಕಬಹುದು. ಬಲಿತಿದ್ದರೆ ಕಾಂಡಕ್ಕೆ ಸರಿಯಾಗಿ ಕತ್ತರಿಸಿ, ಮೋಟು ಬಿಡಬೇಡಿ. ಮೋಟು ಬಿಟ್ಟರೆ ಒಂದಕ್ಕೆ ನಾಲ್ಕು ಚಿಗುರುತ್ತವೆ. ಗಂಟನ್ನು ಮಣ್ಣಿನಲ್ಲಿ ಮುಚ್ಚುವುದೂ ಬೇಡ.

ಗಂಟಿನ ಮೇಲೆ ವರ್ಷಕ್ಕೊಮ್ಮೆ

ಬಾರಿ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನ ಎಲೆ ಸಂದಿನಲ್ಲಿ. ಸವರದ ಗಿಡದಲ್ಲಿ ಹಳೇ ರೆಂಬೆಗಳು ಉದ್ದವಾಗಿ ಜೋತುಬಿದ್ದು, ತುದಿಯಲ್ಲಿ ಮಾತ್ರ ಬಡಕಲು ಚಿಗುರು ಬರುತ್ತದೆ. ಹಣ್ಣು ಸಣ್ಣದಾಗುವುದು ಅದಕ್ಕೇ. ಜೋಲು ಚೆರ್ರಿಗೆ ಒಣ ರೆಂಬೆ ತೆಗೆದು ಸ್ವಲ್ಪ ತಿದ್ದಿದರೆ ಸಾಕು, ಬಾರಿಗೆ ಹಾಗಲ್ಲ. ಇದನ್ನು ಗಟ್ಟಿಯಾಗಿಯೇ ಸವರಬೇಕು. ದ್ರಾಕ್ಷಿಯವರು ಚಾಟ್ನಿ ಅನ್ನುವುದು ಇದನ್ನೇ.

ಸಮಯ: ಯುಗಾದಿಯಿಂದ ಬಸವ ಜಯಂತಿಯೊಳಗೆ. ಆಗ ಕಾಯಿ ಮುಗಿದು, ಗಿಡ ಎಲೆ ಉದುರಿಸಿ ನಿದ್ದೆಯಲ್ಲಿ ಇರುತ್ತದೆ. ಹೋದ ವರ್ಷದ ಪ್ರತಿ ರೆಂಬೆಯಲ್ಲೂ ಬುಡದಿಂದ 15-20 ಕಣ್ಣು ಬಿಟ್ಟು ಮೇಲಿನದನ್ನು ಕತ್ತರಿಸಿ. ಆಪಲ್ ಬೋರೆಯನ್ನು ಇನ್ನೂ ಗಟ್ಟಿಯಾಗಿ, ಮುಖ್ಯ ಕೊಂಬೆಯ ತನಕ ಕಡಿಯುವವರೂ ಇದ್ದಾರೆ. ಒಣಗಿದ್ದು, ಒಂದಕ್ಕೊಂದು ತಿಕ್ಕುವುದು, ನೆಲ ಮುಟ್ಟುವುದು ಇವನ್ನು ಬುಡಸಮೇತ ತೆಗೆಯಿರಿ. ನೆಲಕ್ಕೆ ತಾಗಿದ ಹಣ್ಣು ಕೊಳೆಯುತ್ತದೆ. ದಪ್ಪ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ.

ಎಳೆಯ ಗಿಡವನ್ನು ಮೊದಲಿನಿಂದಲೇ ತಿದ್ದಬೇಕು. ಕೋಲು ಕಟ್ಟಿ ಒಂದೇ ಕಾಂಡವನ್ನು ಎರಡೂವರೆ ಅಡಿಯ ತನಕ ನೆಟ್ಟಗೆ ಬೆಳೆಸಿ, ಅದರ ಮೇಲೆ ಸುತ್ತಲೂ ಹರಡುವ ಮೂರು ನಾಲ್ಕು ಕೊಂಬೆ ಉಳಿಸಿಕೊಳ್ಳಿ.

"ಇಷ್ಟು ಕಡಿದರ ಗಿಡ ಸಾಯಂಗಿಲ್ಲೇನ್ರಿ?" ಎಂದು ಕೇಳುವವರಿದ್ದಾರೆ. ಸಾಯುವುದಿಲ್ಲ. ಇದರ ತಾಯಿಬೇರು ಬಹಳ ಆಳಕ್ಕೆ ಇಳಿದಿರುತ್ತದೆ. ಕಡಿದ ಮುಳ್ಳುರೆಂಬೆ ಹಿತ್ತಲಿಗೆ ಬೇಲಿಯಾಗುತ್ತದೆ. ಹಸಿ ಸೊಪ್ಪು ಇದ್ದರೆ ಆಡು ಬಿಡುವುದಿಲ್ಲ.

ಒಡ್ಡಿನ ಕಾಡುಬಾರಿಯೇ ಉಮ್ರಾನ್ ಆಗಬಹುದು

ಹೊಸ ಸಸಿಗೆ ರೊಕ್ಕ ಇಲ್ಲದವರಿಗೆ ಇದು ಒಳ್ಳೆಯ ದಾರಿ. ಒಡ್ಡಿನ ಮೇಲಿನ ಕಾಡುಬಾರಿಯನ್ನು ಬೇಸಿಗೆಯಲ್ಲಿ ನೆಲದಿಂದ ಒಂದಡಿ ಬಿಟ್ಟು ಕಡಿಯಿರಿ. ಬಂದ ಚಿಗುರಲ್ಲಿ ಗಟ್ಟಿಯಾದ ಎರಡನ್ನು ಮಾತ್ರ ಉಳಿಸಿ. ಕಾರಹುಣ್ಣಿಮೆಯಿಂದ ನಾಗರಪಂಚಮಿಯೊಳಗೆ ಅವು ಪೆನ್ಸಿಲ್ ದಪ್ಪ ಆಗುತ್ತವೆ. ಆಗ ಒಳ್ಳೆಯ ಗಿಡದ ಕಣ್ಣು ತಂದು ಕೂಡಿಸಬೇಕು. ತೊಗಟೆ ಸಲೀಸಾಗಿ ಬಿಡುವಾಗಲೇ ಈ ಕೆಲಸ ಆಗಬೇಕು. ಕಣ್ಣು ಚಿಗುರಿದ ಮೇಲೆ ಅದರ ಮೇಲಿನ ಕಾಡುರೆಂಬೆ ಕತ್ತರಿಸಿ. ಬೇರು ಆಗಲೇ ಆಳದಲ್ಲಿ ಇರುವುದರಿಂದ ಕೊಡ ಹೊತ್ತು ನೀರು ಹಾಕುವ ಕೆಲಸ ಉಳಿಯುತ್ತದೆ. ಕಣ್ಣು ಕೂಡಿಸಲು ಬಾರದವರು ಮಾವು, ದಾಳಿಂಬೆ ತೋಟದಲ್ಲಿ ಕಸಿ ಮಾಡುವವರನ್ನು ಒಂದು ದಿನ ಕರೆಸಿ, ಪಕ್ಕದಲ್ಲಿ ಕೂತು ಕಲಿಯಿರಿ.

ಕಸಿ ಮಾಡದೆ ಬಿಟ್ಟ ಚಿಗುರು ಮಾತ್ರ ಕಾಡುಬಾರಿಯಾಗಿಯೇ ಬೆಳೆಯುತ್ತದೆ, ನೆನಪಿರಲಿ.

ನೀರು, ಗೊಬ್ಬರ

ಸವರಿದ ಮೇಲೆ ಬುಡದ ಸುತ್ತ ಅಗೆದು, ಮೊದಲ ಮಳೆಗೆ ದೊಡ್ಡ ಗಿಡಕ್ಕೆ 20-30 ಕಿಲೋ ತಿಪ್ಪೆಗೊಬ್ಬರ ಹಾಕಿ. ಮಳೆ ನೀರು ನಿಲ್ಲುವಂತೆ ಸುತ್ತ ಮಡಿ ಕಟ್ಟಿ. ಬೇಸಿಗೆಯಲ್ಲಿ ಬಲಿತ ಗಿಡಕ್ಕೆ ನೀರು ಬೇಡ, ಅದು ವಿಶ್ರಾಂತಿಯ ಕಾಲ. ಹಿಂಗಾರಿ ಮಳೆ ಕೈಕೊಟ್ಟರೆ ಕಾಯಿ ಹಿಗ್ಗುವಾಗ ಎರಡು ಮೂರು ಸಲ ನೀರು ಕೊಟ್ಟರೆ ಹಣ್ಣಿನ ಗಾತ್ರದಲ್ಲಿ ವ್ಯತ್ಯಾಸ ಕಾಣುತ್ತದೆ. ಬಚ್ಚಲ ನೀರು ಬಿಡುವುದಾದರೆ ಬುಡದಲ್ಲಿ ನಿಂತು ಕೊಳೆಯದಂತೆ ನೋಡಿಕೊಳ್ಳಿ.

ಹುಳ, ರೋಗ

ಹಣ್ಣಿನೊಳಗೆ ಬಿಳಿ ಹುಳ ಇದ್ದರೆ ಅದು ಹಣ್ಣುನೊಣದ ಮರಿ. ನೊಣ ಎಳೆಗಾಯಿಯಲ್ಲೇ ತತ್ತಿ ಇಡುತ್ತದೆ. ಮರಿ ಮಣ್ಣಿಗಿಳಿದು ಕೋಶವಾಗುತ್ತದೆ. ಆದ್ದರಿಂದ ಉದುರಿದ ಹಣ್ಣನ್ನು ದಿನಾ ಆರಿಸಿ ಆಳಕ್ಕೆ ಹೂಳಿ, ಬೇಸಿಗೆಯಲ್ಲಿ ಬುಡ ಅಗೆದು ಬಿಸಿಲಿಗೆ ಬಿಡಿ. ಅರ್ಧ ಕೆಲಸ ಇದರಲ್ಲೇ ಮುಗಿಯುತ್ತದೆ.

ದಸರಾ-ದೀಪಾವಳಿ ಹೊತ್ತಿಗೆ ಎಳೆಗಾಯಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂದಿರೋಗ. ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಿ. ಕಾಂಡದ ಮೇಲೆ ಹಿಕ್ಕೆ, ಹೊಟ್ಟಿನ ಜಾಲ ಕಂಡರೆ ತೊಗಟೆ ತಿನ್ನುವ ಹುಳ. ಜಾಲ ಒರೆಸಿ, ತೂತಿನಲ್ಲಿ ತಂತಿ ಆಡಿಸಿ, ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ ಕೆಸರು ಮೆತ್ತಿ.

ವರ್ಷದ ಲೆಕ್ಕ

ಯುಗಾದಿ-ಬಸವ ಜಯಂತಿ: ಸವರುವುದು, ಬುಡ ಅಗೆಯುವುದು.
ಕಾರಹುಣ್ಣಿಮೆ: ಗೊಬ್ಬರ, ಮಡಿ, ಕಣ್ಣು ಕಸಿ.
ಮಳೆಗಾಲವಿಡೀ: ಗಂಟಿನ ಕೆಳಗಿನ ಚಿಗುರು ಕೀಳುವುದು.
ದಸರಾ-ದೀಪಾವಳಿ: ಬೂದಿರೋಗ, ಹಣ್ಣುನೊಣದ ಮೇಲೆ ಕಣ್ಣು.
ಎಳ್ಳಮಾವಾಸ್ಯೆಯಿಂದ: ಕೊಯ್ಲು.

ಹೀಗೆ ನೋಡಿಕೊಂಡ ಬಲಿತ ಗಿಡ ಮಳೆಯಾಶ್ರಯದಲ್ಲೇ 50ರಿಂದ 80 ಕಿಲೋ ಹಣ್ಣು ಕೊಡುತ್ತದೆ. ಮಕ್ಕಳು ತಿಂದು, ಬೀಗರಿಗೆ ಕೊಟ್ಟು, ಕೊಪ್ಪಳದ ಗವಿಮಠದ ಜಾತ್ರೆಗೆ ಒಂದು ಬುಟ್ಟಿ ಒಯ್ಯುವಷ್ಟು ಉಳಿಯುತ್ತದೆ. ಖರ್ಚು ಒಂದು ಕತ್ತರಿ, ಎರಡು ಬುಟ್ಟಿ ಗೊಬ್ಬರ. ಈ ಯುಗಾದಿ ಕಳೆದ ವಾರ ನಿಮ್ಮ ಹಿತ್ತಲ ಗಿಡದ ಗಂಟು ಎಲ್ಲಿದೆ ಎಂದು ಮೊದಲು ಹುಡುಕಿ. ಅಲ್ಲಿಂದ ಕೆಳಗೆ ಏನೂ ಉಳಿಯಬಾರದು.