ಕಾನೂನು ವ್ಯಾಸಂಗಕ್ಕೆ ಮುನ್ನ ಪದವಿ ಕಾಲೇಜಿನ ಆಯ್ಕೆ

ಪುತ್ತೂರು ತಾಲೂಕಿನ ಈಶ್ವರಮಂಗಲವು ಕೇರಳದ ಗಡಿಗೆ ಸಮೀಪವಾದ ಕೃಷಿಪ್ರಧಾನ ಪ್ರದೇಶ. ತೋಟದ ಗಡಿ, ಕುಮ್ಕಿ ಜಮೀನು, ಕುಟುಂಬದ ಪಾಲು ಮೊದಲಾದ ವ್ಯಾಜ್ಯಗಳು ಇಲ್ಲಿನವರಿಗೆ ಹೊಸತಲ್ಲ. ವಕೀಲನಾಗಬೇಕೆಂಬ ಹಂಬಲ ಇಂತಹ ಊರಿನ ಮಕ್ಕಳಲ್ಲಿ ಮೂಡುವುದು ಸಹಜ. ಆದರೆ ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಬಂದೊಡನೆ, ಮುಂದೆ ಯಾವ ಕಾಲೇಜು ಎಂಬ ಪ್ರಶ್ನೆ ತಂದೆತಾಯಿಗಳನ್ನು ಕಾಡತೊಡಗುತ್ತದೆ.

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಎರಡು ಮಾರ್ಗಗಳನ್ನು ತೋರಿಸಿವೆ. ಒಂದು, ಪದವಿಪೂರ್ವ ಶಿಕ್ಷಣದ ತರುವಾಯ ಐದು ವರ್ಷಗಳ ಸಂಯುಕ್ತ ವ್ಯಾಸಂಗ. ಮತ್ತೊಂದು, ಪದವಿಯ ಬಳಿಕ ಮೂರು ವರ್ಷಗಳ ಎಲ್‌ಎಲ್.ಬಿ. ಎರಡಕ್ಕೂ ಸಾಮಾನ್ಯ ವರ್ಗದವರಿಗೆ ಶೇಕಡಾ 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟರಿಗೆ 40 ಕನಿಷ್ಠ ಅಂಕಗಳು. ಎರಡನೆಯ ಮಾರ್ಗಕ್ಕೆ ಕಲೆ, ವಾಣಿಜ್ಯ, ವಿಜ್ಞಾನವೆಂಬ ಭೇದವಿಲ್ಲ.

ಮೊದಲನೆಯ ಮಾರ್ಗದಲ್ಲಿ ಒಂದು ವರ್ಷ ಉಳಿಯುವುದು ನಿಜ. ಆದರೆ ಸಂಯುಕ್ತ ವ್ಯಾಸಂಗವನ್ನು ಮಧ್ಯದಲ್ಲಿ ವಿಭಜಿಸಿ ಪದವಿ ಕೊಡುವುದನ್ನು ಅದೇ ನಿಯಮಗಳು ನಿಷೇಧಿಸಿವೆ. ಮೂರನೆಯ ವರ್ಷದ ಕೊನೆಗೆ ಮನೆಯ ಸ್ಥಿತಿ ಕೆಟ್ಟು ಓದು ನಿಂತರೆ ಕೈಗೆ ಏನೂ ದಕ್ಕದು. ಮೊದಲು ಪದವಿ ಪಡೆದವನಿಗಾದರೋ ಜೀವನೋಪಾಯಕ್ಕೆ ಒಂದು ಆಸರೆ ಉಂಟು. ಅಲ್ಪ ಆದಾಯದ ಕುಟುಂಬ ಇದನ್ನು ತೂಗಿ ನೋಡಬೇಕು.

ಪದವಿಗೆ ದೂರದ ನಗರವೇ ಬೇಕೆಂದಿಲ್ಲ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜೂ 1965ರಲ್ಲಿ ವಿವೇಕಾನಂದ ಕಾಲೇಜೂ ಆರಂಭವಾದವು. ಬೆಟ್ಟಂಪಾಡಿಯಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜಿದೆ. ಮುಂದಿನ ಓದಿಗೆ ಪುತ್ತೂರು, ಸುಳ್ಯ, ಮಂಗಳೂರುಗಳಲ್ಲಿ ಕಾನೂನು ಕಾಲೇಜುಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 2022ರಲ್ಲಿ ಆರಂಭಿಸಿದ ಮೂರು ವರ್ಷಗಳ ವ್ಯಾಸಂಗಕ್ಕೂ ಪ್ರವೇಶ ಪರೀಕ್ಷೆಯೇ ಆಧಾರ, ಓದಿದ ಕಾಲೇಜಿನ ಹೆಸರಲ್ಲ.

ಆದುದರಿಂದ ಕಾಲೇಜನ್ನು ಆರಿಸುವಾಗ ಕಟ್ಟಡವನ್ನು ನೋಡದೆ ಗ್ರಂಥಾಲಯವನ್ನು ನೋಡುವುದು ಲೇಸು. ಬರೆದುದನ್ನು ತಿದ್ದುವ ಅಧ್ಯಾಪಕರು, ಚರ್ಚಾಕೂಟ, ಕನ್ನಡ ಇಂಗ್ಲಿಷುಗಳೆರಡರ ಸಮರ್ಥ ಬೋಧನೆ ಇವೇ ಮುಖ್ಯ. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಈ ಎರಡು ಭಾಷೆಗಳ ನಡುವಣ ಅನುವಾದಕ್ಕೇ ಒಂದು ಪತ್ರಿಕೆ ಮೀಸಲಾಗಿದೆ. ಕಕ್ಷಿಗಾರನ ಮಾತನ್ನು ತಿಳಿದು ನ್ಯಾಯಾಲಯದ ಭಾಷೆಗೆ ತರುವ ಶಕ್ತಿ ಪದವಿ ತರಗತಿಯಲ್ಲೇ ಬೆಳೆಯಬೇಕು.

ಒಂದು ಎಚ್ಚರಿಕೆಯೂ ಅಗತ್ಯ. ಹತ್ತನೆಯ ತರಗತಿ, ಪದವಿಪೂರ್ವ ಶಿಕ್ಷಣ, ಪದವಿ ಎಂಬ ಕ್ರಮವನ್ನು ತಪ್ಪಿಸಿ, ಮೂಲ ಅರ್ಹತೆಯಿಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರಿಗೆ 2008ರ ನಿಯಮಗಳಂತೆ ಕಾನೂನು ವ್ಯಾಸಂಗದ ಬಾಗಿಲು ತೆರೆಯದು. ವರ್ಷಗಳು ಸಂದ ಮೇಲೆ ಇದನ್ನರಿತು ಪಶ್ಚಾತ್ತಾಪಪಡುವುದಕ್ಕಿಂತ ಮೊದಲೇ ವಿಚಾರಿಸುವುದು ಮೇಲು.

ಅಧ್ಯಾಪಕರು ಈ ಮಾತನ್ನು ಪ್ರೌಢಶಾಲೆಯಲ್ಲಿಯೇ ಮಕ್ಕಳಿಗೆ ತಿಳಿಸಬೇಕು. ವಕೀಲವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ದಾರಿ ತೋರಿಸಬಹುದು. ದಾನಿಗಳ ನೆರವು ಪದವಿಯೊಂದಿಗೆ ನಿಲ್ಲದೆ ಅನಂತರದ ಮೂರು ವರ್ಷಗಳಿಗೂ ಒದಗಿದರೆ, ಬಡವರ ಮನೆಯ ಮಗುವೂ ನ್ಯಾಯಾಲಯದಲ್ಲಿ ಬಡವರ ಪರವಾಗಿ ನಿಲ್ಲಬಲ್ಲದು.