ಮೊದಲು ಅಂಕಣ ಗುಡಿಸು

ಆಟದ ಶೂ ಮಾಡುವ ಕಸುಬಿಗೆ ಇಳಿದಿದ್ದೀಯ, ಸಂತೋಷ ಕಣಪ್ಪ. ಆದರೆ ನಿನ್ನೆ ಊಟಕ್ಕೆ ಕೂತಾಗ, ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧವನ್ನು ಹೆಸರಾಂತ ಆಟಗಾರನೊಬ್ಬನ ಜಾಹೀರಾತಿಗೇ ಸುರಿಯುತ್ತೇನೆ ಅಂದೆಯಲ್ಲ, ಆಗಿನಿಂದ ನನಗೆ ಜಪಾನಿನ ಕಿಹಾಚಿರೊ ಒನಿತ್ಸುಕ ಅವರದೇ ನೆನಪು. ಇವತ್ತು ‘ಆಸಿಕ್ಸ್’ ಅಂತ ಅಂಗಡಿಯಲ್ಲಿ ನೋಡುತ್ತೀಯಲ್ಲ, ಅದರ ಮೂಲಪುರುಷ.

ಎರಡನೇ ಮಹಾಯುದ್ಧ ಮುಗಿದು ಸೇನೆ ಬಿಟ್ಟು ಬಂದವರು. ಸೋತ ದೇಶದಲ್ಲಿ ದಿಕ್ಕೆಟ್ಟ ಹುಡುಗರನ್ನು ಆಟವೇ ದಾರಿಗೆ ತರಬೇಕು ಅಂದುಕೊಂಡು 1949ರಲ್ಲಿ ಕೋಬೆ ಊರಿನಲ್ಲಿ ಶೂ ಕೆಲಸ ಶುರುಮಾಡಿದರು. ಮೊದಲು ಮಾಡಿದ ಬ್ಯಾಸ್ಕೆಟ್‌ಬಾಲ್ ಶೂ ಅಲ್ಲಿನ ಹೈಸ್ಕೂಲ್ ಕೋಚ್‌ಗೆ ಒಂದಿಷ್ಟೂ ಹಿಡಿಸಲಿಲ್ಲ. ಆಗ ಮಾಡಿದ್ದೇನು ಗೊತ್ತಾ? ಹುಡುಗರು ಆಡುವಲ್ಲಿಗೇ ಹೋಗಿ ಚೆಂಡು ಎತ್ತಿಕೊಡುತ್ತಾ, ಅವರ ಕಾಲು ನೋಡುತ್ತಾ, ಗೊಣಗಾಟ ಕೇಳುತ್ತಾ ಉಳಿದರು. ಓಡಿ ಬಂದು ಗಕ್ಕನೆ ನಿಲ್ಲಬೇಕೆಂದರೆ ಕಾಲು ಜಾರುತ್ತದೆ, ಇದೇ ಎಲ್ಲರ ಗೋಳು.

1951ರ ಬೇಸಿಗೆ. ಒನಿತ್ಸುಕ ಅವರ ಊಟದ ಪಾತ್ರೆಯಲ್ಲಿ ಸೌತೆಕಾಯಿ, ಹುಳಿ, ಆಕ್ಟೋಪಸ್ ತುಂಡು. ನಮ್ಮ ಕೋಸಂಬರಿಯ ದೂರದ ನೆಂಟ ಅನ್ನು. ನನ್ನ ಗಂಟಲಲ್ಲಂತೂ ಇಳಿಯದು. ಆಕ್ಟೋಪಸ್ಸಿನ ಹೀರುಗುಳಿ ಪಾತ್ರೆಗೆ ಕಚ್ಚಿಕೊಂಡದ್ದು ಕಂಡು, ಶೂ ಅಟ್ಟೆಗೂ ಅಂಥ ಗುಳಿ ಕೊರೆಯಿಸಿದರು. ಕಚ್ಚಿದ್ದು ಎಷ್ಟೆಂದರೆ, ನಿಂತ ಹುಡುಗರು ಮುಗ್ಗರಿಸಿ ಬಿದ್ದರು! ಗುಳಿಯ ಆಳ ತಗ್ಗಿಸಿದ ಮೇಲೆ ಸರಿಹೋಯಿತು. ಆ ಬೀಳುವಿಕೆಯನ್ನು ಪಕ್ಕದಲ್ಲೇ ನಿಂತು ನೋಡದಿದ್ದರೆ ಎಷ್ಟು ತಗ್ಗಿಸಬೇಕೆಂದು ಹೇಗೆ ತಿಳಿಯುತ್ತಿತ್ತು ಹೇಳು.

ದೊಡ್ಡ ಆಟಗಾರರ ಬೆನ್ನು ಅವರೂ ಹತ್ತಿದರು, ಇಲ್ಲ ಅನ್ನುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲ ಮರುವರ್ಷ ಒಸಾಕಾಕ್ಕೆ ಬಂದಾಗ, ಒನಿತ್ಸುಕ ಅವರೇ ಹೋಗಿ ಕಂಡರು. ನನಗೆ ಶೂ ಯಾಕೆ ಅಂದವರನ್ನು ಒಪ್ಪಿಸಿ ತೊಡಿಸಿದರು. ಬಿಕಿಲ ಅದರಲ್ಲೂ ಗೆದ್ದರು. ಸರಿ, 1964ರಲ್ಲಿ ಟೋಕಿಯೊದಲ್ಲೇ ಒಲಿಂಪಿಕ್ಸ್ ನಡೆದಾಗ ಬಿಕಿಲ ಕಾಲಲ್ಲಿ ಇದ್ದದ್ದು ಯಾವುದು? ಜರ್ಮನಿಯ ಪ್ಯೂಮ. ಅವರ ತಪ್ಪು ಅಂತಲ್ಲ. ಹೆಸರುವಾಸಿಯಾದವರ ಕಾಲಿಗೆ ಶೂ ಹೊತ್ತು ತರುವವರು ನೂರು ಮಂದಿ. ನಿನ್ನ ಆಟಗಾರನೂ ಹಾಗೇ ಹೋದಾನು.

ಬ್ಯಾಡ್ಮಿಂಟನ್ ಆಡುವ ನಿನ್ನ ತಂಗಿಯನ್ನು ಕೇಳು, ಯೋನೆಕ್ಸ್ ಗೊತ್ತು ಅನ್ನುತ್ತಾಳೆ. ಆ ಕಂಪನಿ ಕಟ್ಟಿದ, ಜಪಾನಿನ ನಿಗಾಟಾದ ಮಿನೋರು ಯೊನೆಯಾಮ ಮೊದಲು ಮೀನುಬಲೆಗೆ ಕಟ್ಟುವ ಮರದ ಬೆಂಡು ಮಾಡುತ್ತಿದ್ದವರು. ಪ್ಲಾಸ್ಟಿಕ್ ಬಂತು, ಮರದ ಬೆಂಡು ಮುಳುಗಿತು. 1957ರಲ್ಲಿ ಬೇರೆಯವರ ಹೆಸರಿಗೆ ರ‍್ಯಾಕೆಟ್ ಮಾಡಲು ಹಿಡಿದರು. ಆಲ್ ಇಂಗ್ಲೆಂಡ್ ಪಂದ್ಯಾವಳಿಗೆ ಪ್ರಾಯೋಜಕರಾದದ್ದು 1984ರಲ್ಲಿ. ನಡುವೆ 27 ವರ್ಷ. ನೀನು ಅಂಗಡಿ ತೆರೆದು ಇನ್ನೂ ಏಳು ತಿಂಗಳು.

ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮ ಬೀದಿಯ ಮೈದಾನಕ್ಕೆ ಹುಡುಗಿಯರು ವಾಲಿಬಾಲ್ ಅಭ್ಯಾಸಕ್ಕೆ ಬರುತ್ತಾರೆ. ಕೋಚ್‌ಗೆ ನಾನು ಹೇಳಿಟ್ಟಿರುತ್ತೇನೆ. ಶೂ ನಾಲ್ಕು ಜೊತೆ ತಾ. ಕರಪತ್ರ ಬೇಡ. ಪೊರಕೆ ನಮ್ಮನೆಯದೇ ಇದೆ.