ಗೆರೆ ಮೂಡಿದರೆ ಕ್ಯಾನ್ಸರ್ ಎಂದಲ್ಲ



ಈ ಪುಟದಲ್ಲಿ ಸಾಮಾನ್ಯವಾಗಿ ರಾಸುಗಳ ಆರೋಗ್ಯದ ವಿಚಾರವಿರುತ್ತದೆ. ಈ ಸಲ ರಾಸು ಸಾಕುವ ಯಜಮಾನರ ಆರೋಗ್ಯದ ಮಾತು. ಬೆರಳು ಚುಚ್ಚಿ ಒಂದೆರಡು ಹನಿ ರಕ್ತ ತೆಗೆದು, ಸ್ವಲ್ಪ ಹೊತ್ತಿನಲ್ಲೇ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಸುಳಿವು ನೋಡುವ ಪರೀಕ್ಷಾ ಪಟ್ಟಿಗಳು ಬಂದಿವೆ. ಚಿಕಿತ್ಸೆಯ ವಿಷಯ ಮನುಷ್ಯರ ವೈದ್ಯರಿಗೆ ಬಿಟ್ಟದ್ದು. ಪರೀಕ್ಷೆಯ ಅರ್ಥವೇನು ಎಂಬುದನ್ನು ಮಾತ್ರ ಇಲ್ಲಿ ತಿಳಿಸುತ್ತೇನೆ.

ಪ್ರಾಸ್ಟೇಟ್ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಚಿಕ್ಕ ಗ್ರಂಥಿ. ಇದರಲ್ಲಿ ತಯಾರಾಗುವ ಪಿ.ಎಸ್.ಎ. ಎಂಬ ಪ್ರೋಟೀನು ಅಲ್ಪ ಪ್ರಮಾಣದಲ್ಲಿ ರಕ್ತಕ್ಕೂ ಸೇರುತ್ತದೆ. ಒಂದು ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಗಡಿ. ಪಟ್ಟಿಯು ಈ ಗಡಿ ದಾಟಿದೆಯೇ ಇಲ್ಲವೇ ಎಂದಷ್ಟೇ ಹೇಳುತ್ತದೆ.

ಕೆಚ್ಚಲುಬಾವಿನ ಪರೀಕ್ಷೆಯನ್ನು ನೀವು ನೋಡಿಯೇ ಇದ್ದೀರಿ. ನಾಲ್ಕು ಬಟ್ಟಲಿನ ತಟ್ಟೆಗೆ ನಾಲ್ಕೂ ಮೊಲೆಗಳ ಹಾಲು ಕರೆದು, ಸಿ.ಎಂ.ಟಿ. ದ್ರಾವಣ ಹಾಕಿ ತಿರುಗಿಸಿದಾಗ ಲೋಳೆಯಾದರೆ ಸಂಶಯ ಪಡುತ್ತೇವೆ. ಆದರೆ ಕರು ಹಾಕಿದ ಮೊದಲ ದಿನಗಳಲ್ಲೂ ಹಾಲು ಬತ್ತಿಸುವ ಹೊತ್ತಿನಲ್ಲೂ ರೋಗವಿಲ್ಲದೆಯೇ ಲೋಳೆಯಾಗುವುದುಂಟು. ಪಿ.ಎಸ್.ಎ. ಕೂಡ ಹಾಗೆಯೇ. ವಯಸ್ಸಾದಂತೆ ಗ್ರಂಥಿ ದಪ್ಪಗಾದರೆ, ಅದಕ್ಕೆ ಬಾವು ಬಂದರೆ, ಮೂತ್ರದ ಸೋಂಕಿದ್ದರೆ ಏರುತ್ತದೆ. 4ರಿಂದ 10ರವರೆಗೆ ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುವ ಸಂಭವ. ಇನ್ನೊಂದು ಮಗ್ಗುಲೂ ಇದೆ: 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 4ಕ್ಕಿಂತ ಹೆಚ್ಚಿಲ್ಲದವರಲ್ಲೂ ಶೇಕಡಾ 15ರಷ್ಟು ಮಂದಿಗೆ ಕ್ಯಾನ್ಸರ್ ಕಂಡುಬಂದಿತ್ತು.

ಹಾಗಾದರೆ ಎಲ್ಲರೂ ಮಾಡಿಸಬೇಕೇ? ನನ್ನ ಅಭಿಪ್ರಾಯದಲ್ಲಿ, ಶಿಬಿರದ ಸಾಲಿನಲ್ಲಿ ನಿಂತು ಯೋಚಿಸದೆ ಬೆರಳು ಕೊಡುವ ಪರೀಕ್ಷೆ ಇದಲ್ಲ. ಈ ಕ್ಯಾನ್ಸರ್ ಅನೇಕರಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಜೀವಮಾನವಿಡೀ ತೊಂದರೆ ಕೊಡದಿದ್ದ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮೂತ್ರ ಹಿಡಿದಿಡಲಾಗದೆ, ದಾಂಪತ್ಯಕ್ಕೂ ತೊಂದರೆಯಾಗಿ ನರಳುವವರಿದ್ದಾರೆ. ಯೂರೋಪಿನ ದೊಡ್ಡ ಅಧ್ಯಯನದ 16 ವರ್ಷಗಳ ಫಲಿತಾಂಶದಂತೆ, ಸುಮಾರು 570 ಮಂದಿಯನ್ನು ತಪಾಸಣೆಗೆ ಕರೆದರೆ ಈ ರೋಗದ ಒಂದು ಸಾವು ತಪ್ಪುತ್ತದೆ. ಲಾಭವಿಲ್ಲವೆಂದಲ್ಲ, ಅದಕ್ಕೆ ಬೆಲೆಯೂ ಇದೆ. ಅಮೆರಿಕದ ತಜ್ಞರ ಸಮಿತಿ 2018ರಲ್ಲಿ, 55ರಿಂದ 69 ವಯಸ್ಸಿನವರು ವೈದ್ಯರೊಡನೆ ಚರ್ಚಿಸಿ ತಾವೇ ತೀರ್ಮಾನಿಸಲಿ, 70 ತುಂಬಿದವರಿಗೆ ತಪಾಸಣೆ ಬೇಡ ಎಂದಿತು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ಸ್ವಲ್ಪ ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ಬಿಡದ ಬೆನ್ನುಮೂಳೆ ನೋವು ಇದ್ದವರ ಮಾತು ಬೇರೆ. ಅವರು ಪಟ್ಟಿಯನ್ನು ನಂಬಿ ಕೂರದೆ, ವಯಸ್ಸು ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆಗೆ ಮುಂಚಿನ ಎರಡು ದಿನ ಹೆಂಡತಿಯೊಡನೆ ಸೇರಬಾರದು. ಕ್ಯಾನು ಕಟ್ಟಿಕೊಂಡು ದೂರ ಸೈಕಲ್ ತುಳಿದು ಡೇರಿಗೆ ಹಾಲು ಹಾಕುವವರು ಆ ಎರಡು ದಿನ ಮಗನನ್ನು ಕಳಿಸಿ. ಗ್ರಂಥಿ ಕುಗ್ಗಿಸಲು ಫಿನಾಸ್ಟೆರೈಡ್ ಮಾತ್ರೆ ನುಂಗುತ್ತಿದ್ದರೆ ಅದನ್ನು ತಪ್ಪದೆ ಹೇಳಿ, ಏಕೆಂದರೆ ಅದು ಪಿ.ಎಸ್.ಎ.ಯನ್ನು ಅರ್ಧದಷ್ಟು ಇಳಿಸುತ್ತದೆ. ಪಟ್ಟಿಯಲ್ಲಿ ಹೆಚ್ಚು ಬಂದರೆ ಕೆಲವು ವಾರ ಬಿಟ್ಟು ಪ್ರಯೋಗಾಲಯದಲ್ಲಿ ಮತ್ತೊಮ್ಮೆ ರಕ್ತ ಕೊಟ್ಟು, ಅಂಕಿಯನ್ನು ಬರಹದಲ್ಲಿ ಪಡೆದು ಮೂತ್ರರೋಗ ತಜ್ಞರಿಗೆ ತೋರಿಸಿ.